ಸೀಸೆಯಲ್ಲಿ ಶುಂಠಿಯ ಪಾಕ

ಶುಂಠಿಯ ಪಾಕವನ್ನು ಮನೆಯಲ್ಲಿ ಕಾಸಿ ಸೀಸೆಗೆ ತುಂಬಿಟ್ಟವರಿಂದ ಮೂರು ಬಗೆಯ ದೂರುಗಳು ಕೇಳಿಬರುತ್ತವೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಪಾಕದ ಮೇಲೆ ಬೂದುಬಣ್ಣದ ಬೂಷ್ಟು ಕೆನೆಯಂತೆ ಕಟ್ಟಿತು ಎಂಬುದು ಮೊದಲನೆಯದು. ತಳದಲ್ಲಿ ಕಲ್ಲುಸಕ್ಕರೆಯಂತೆ ಹರಳುಗಟ್ಟಿ, ಸೀಸೆಯನ್ನು ಬೋರಲು ಹಾಕಿದರೂ ಕದಲಲಿಲ್ಲ ಎಂಬುದು ಎರಡನೆಯದು. ಮೂರನೆಯದು ಸ್ವಲ್ಪ ಗಾಬರಿಯ ಸಂಗತಿ: ಬಿರಡೆಯನ್ನು ತೆಗೆಯಹೋದಾಗ ಅದು ತಾನಾಗಿಯೇ ಸಿಡಿದು, ಪಾಕವೆಲ್ಲ ನೊರೆಯಾಗಿ ಹೊರಗೆ ಹರಿಯಿತು. ಮೂರು ಸೀಸೆಗಳಲ್ಲಿಯೂ ಇದ್ದದ್ದು ಅದೇ ಶುಂಠಿ, ಅದೇ ಸಕ್ಕರೆ, ಅದೇ ನೀರು. ಆದುದರಿಂದ ಇದನ್ನು ಕೈಗುಣವೆಂದು ಹೇಳಿ ಸುಮ್ಮನಾಗುವುದು ವಾಡಿಕೆಯಾಗಿದೆ. ಆದರೆ ಇಲ್ಲಿ ಕೈಗುಣದ ಪಾತ್ರ ಬಹಳ ಸ್ವಲ್ಪ. ಕೆಡುವ ಪಾಕಕ್ಕೂ ಉಳಿಯುವ ಪಾಕಕ್ಕೂ ಇರುವ ವ್ಯತ್ಯಾಸವು ಬಹುಮಟ್ಟಿಗೆ ತಕ್ಕಡಿಯಲ್ಲಿ ಅಳೆಯಬಹುದಾದ ಒಂದು ಪ್ರಮಾಣವನ್ನು ಅವಲಂಬಿಸಿದೆ. ಆ ಪ್ರಮಾಣ ಯಾವುದು, ಅದು ಏಕೆ ಹಾಗಿದೆ, ಶುಂಠಿಯ ಖಾರ ಮತ್ತು ಪರಿಮಳಗಳನ್ನು ಕಳೆದುಕೊಳ್ಳದೆ ಆ ಪ್ರಮಾಣವನ್ನು ಸಾಧಿಸುವುದು ಹೇಗೆ ಎಂಬುದನ್ನು ನೋಡೋಣ.

ಶುಂಠಿ ನಮಗೆ ಹೊಸದಲ್ಲ. ಶ್ರೀರಾಮನವಮಿಯ ಪಾನಕದಲ್ಲಿ ಬೆಲ್ಲ, ಏಲಕ್ಕಿ, ಮೆಣಸುಗಳ ಜೊತೆಗೆ ಒಣಶುಂಠಿಯೂ ಬೀಳುತ್ತದೆ. ಆ ಪಾನಕವನ್ನು ಅಂದೇ ಮಾಡಿ ಅಂದೇ ಹಂಚುವುದರಿಂದ ಅದು ಕೆಡುವ ಪ್ರಶ್ನೆಯೇ ಏಳುವುದಿಲ್ಲ. ಹಾಸನ, ಕೊಡಗು, ಶಿವಮೊಗ್ಗ, ಚಿಕ್ಕಮಗಳೂರು ಮೊದಲಾದ ಜಿಲ್ಲೆಗಳಲ್ಲಿ ಶುಂಠಿಯನ್ನು ವಿಸ್ತಾರವಾಗಿ ಬೆಳೆಯುತ್ತಾರೆ. ಒಂದು ವರ್ಷ ಬೆಲೆ ಆಕಾಶಕ್ಕೇರಿ, ಮರುವರ್ಷ ಕಿತ್ತ ಕೂಲಿಯೂ ಹುಟ್ಟದಂತಾಗುವುದು ಅಲ್ಲಿನ ಬೆಳೆಗಾರರಿಗೆ ಬಲ್ಲ ಸಂಗತಿಯೇ. ಹಸಿಶುಂಠಿಯಲ್ಲಿ ನೂರಕ್ಕೆ ಸುಮಾರು 80 ಪಾಲು ನೀರಿರುವುದರಿಂದ ಅದನ್ನು ರಾಶಿ ಹಾಕಿಕೊಂಡು ಒಳ್ಳೆಯ ಬೆಲೆಗಾಗಿ ಬಹುಕಾಲ ಕಾಯುವಂತಿಲ್ಲ. ಅಗ್ಗವಾಗಿ ದೊರೆತಾಗ ಅದನ್ನು ಕೆಡದ ರೂಪಕ್ಕೆ ತಿರುಗಿಸಿಡುವ ವಿದ್ಯೆ ಗೃಹಿಣಿಗೂ ಉಪಯುಕ್ತ, ಊರಿನ ಸ್ತ್ರೀಶಕ್ತಿ ಸಂಘಕ್ಕೂ ಉಪಯುಕ್ತ. ಹತ್ತು ಸೀಸೆಗಳಲ್ಲಿ ನಾಲ್ಕು ಬೂಷ್ಟು ಹಿಡಿದರೆ ಅಂತಹ ಸಂಘಕ್ಕೆ ಲಾಭದ ಮಾತಿರಲಿ, ಸಕ್ಕರೆಯ ಹಣವೂ ಹಿಂದಿರುಗುವುದಿಲ್ಲ.

ಮೊದಲು ಶುಂಠಿಯ ಸ್ವರೂಪವನ್ನು ತಿಳಿಯೋಣ. ಸಂಸ್ಕೃತದಲ್ಲಿ ಇದಕ್ಕೆ ಶೃಂಗವೇರ ಎಂಬ ಹೆಸರುಂಟು. ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳನ್ನು ದಾಟಿ ಇಂಗ್ಲಿಷಿನ ಜಿಂಜರ್ ಆದದ್ದೂ, ಸಸ್ಯಶಾಸ್ತ್ರದ ಜಿಂಜಿಬರ್ ಆದದ್ದೂ ಇದೇ ಶಬ್ದದ ಪರಿವಾರವೇ. ಈ ಶಬ್ದದ ಮೂಲವು ದ್ರಾವಿಡದ ಇಂಜಿ ಮತ್ತು ವೇರ್, ಎಂದರೆ ಬೇರು, ಎಂಬ ಮಾತುಗಳಲ್ಲಿದೆ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಹೆಸರಿನಲ್ಲಿ ಬೇರು ಇದ್ದರೂ ಶುಂಠಿಯು ಬೇರಲ್ಲವೆಂಬುದು ಇಲ್ಲಿನ ವಿನೋದ. ಅದು ನೆಲದೊಳಗೆ ಅಡ್ಡವಾಗಿ ಬೆಳೆಯುವ ಕಾಂಡ. ಅದರ ಮೇಲಿನ ಗೆಣ್ಣುಗಳೂ ಮೊಳಕೆಯ ಕಣ್ಣುಗಳೂ ಇದಕ್ಕೆ ಸಾಕ್ಷಿ. ಬರುವ ವರ್ಷದ ಮೊಳಕೆಗಾಗಿ ಗಿಡವು ಈ ಕಾಂಡದಲ್ಲಿ ಪಿಷ್ಟವನ್ನು ಕೂಡಿಡುತ್ತದೆ. ಆ ಪಿಷ್ಟವು ನಮ್ಮ ಪಾಕದಲ್ಲಿ ಒಂದು ಕಿರುಕುಳವಾಗಿ ಮುಂದೆ ಕಾಣಿಸಿಕೊಳ್ಳುತ್ತದೆ.

ಶುಂಠಿಯಲ್ಲಿ ನಮಗೆ ಬೇಕಾದುವು ಎರಡು: ಪರಿಮಳ ಮತ್ತು ಖಾರ. ಇವೆರಡೂ ಒಂದೇ ಎಂದು ಅನೇಕರು ಭಾವಿಸುತ್ತಾರೆ. ಆದರೆ ಇವು ಬೇರೆ ಬೇರೆ ವಸ್ತುಗಳಿಂದ ಬರುವುವು, ಬೆಂಕಿಯ ಮುಂದೆ ಬೇರೆ ಬೇರೆಯಾಗಿ ವರ್ತಿಸುವುವು. ಪರಿಮಳಕ್ಕೆ ಕಾರಣ ಆವಿಯಾಗಿ ಹಾರಿಹೋಗುವ ಒಂದು ತೈಲ. ಅದರಲ್ಲಿ ಜಿಂಜಿಬರೀನ್ ಎಂಬ ವಸ್ತು ಪ್ರಧಾನವಾದುದು. ಹಸಿಶುಂಠಿಯನ್ನು ಮುರಿದೊಡನೆ ಬರುವ ನಿಂಬೆಯ ಛಾಯೆಯ ವಾಸನೆಗೆ ಸಿಟ್ರಾಲ್ ಕಾರಣ. ನಿಂಬೆಹುಲ್ಲಿನಲ್ಲಿಯೂ ಇರುವುದು ಇದೇ. ಈ ತೈಲವನ್ನು ತುಂಬಿಕೊಂಡ ಕೋಶಗಳು ಸಿಪ್ಪೆಯ ಕೆಳಗೇ ದಟ್ಟವಾಗಿರುವುದರಿಂದ, ಚಾಕುವಿನಿಂದ ದಪ್ಪನಾಗಿ ಸಿಪ್ಪೆ ಹೆರೆಯುವವರು ಪರಿಮಳದ ಒಳ್ಳೆಯ ಭಾಗವನ್ನು ತಿಪ್ಪೆಗೆ ಎಸೆದಂತಾಗುತ್ತದೆ. ಚಮಚದ ಅಂಚಿನಿಂದ ತೆಳುವಾಗಿ ಕೆರೆದರೆ ಸಾಕು.

ಖಾರದ ಕಥೆ ಇನ್ನೂ ಸ್ವಾರಸ್ಯವಾದುದು. ಹಸಿಶುಂಠಿಯ ಖಾರವು ಜಿಂಜರಾಲ್ ಎಂಬ ವಸ್ತುವಿನದು. ಅದರ ಒಂದು ಅಣುವಿನಲ್ಲಿ 17 ಇಂಗಾಲ, 26 ಜಲಜನಕ, 4 ಆಮ್ಲಜನಕದ ಪರಮಾಣುಗಳಿವೆ. ಶುಂಠಿಯನ್ನು ಒಣಗಿಸಿದಾಗ ಅಥವಾ ಬಹಳ ಹೊತ್ತು ಕಾಯಿಸಿದಾಗ ಈ ಅಣುವಿನಿಂದ ನೀರಿನ ಒಂದು ಅಣು ಕಳಚಿಹೋಗುತ್ತದೆ. ಉಳಿಯುವುದು ಶೋಗಾಲ್, ಶುಂಠಿಯ ಜಪಾನೀ ಹೆಸರಾದ ಶೋಗ ಎಂಬುದರಿಂದ ಅದಕ್ಕೆ ಈ ಹೆಸರು ಬಂದಿತು. ಶೋಗಾಲಿನ ಖಾರವು ಜಿಂಜರಾಲಿನ ಖಾರಕ್ಕಿಂತ ಎರಡುಪಟ್ಟಿಗೂ ಮಿಗಿಲು. ಒಣಶುಂಠಿಯು ಹಸಿಶುಂಠಿಗಿಂತ ತೀಕ್ಷ್ಣವೆಂದು ನಾಲಗೆಗೆ ತೋರುವುದು ಕೇವಲ ನೀರು ಆರಿದ್ದರಿಂದಲ್ಲ, ಒಳಗಿನ ವಸ್ತುವೇ ಬದಲಾದುದರಿಂದ. ಆಯುರ್ವೇದವು ಹಸಿಯದನ್ನು ಆರ್ದ್ರಕವೆಂದೂ ಒಣಗಿದುದನ್ನು ಶುಂಠಿಯೆಂದೂ ಬೇರೆ ಬೇರೆ ಹೆಸರಿನಿಂದ ಕರೆದು, ಎರಡಕ್ಕೂ ಬೇರೆ ಗುಣಗಳನ್ನು ಹೇಳಿರುವುದನ್ನು ಇಲ್ಲಿ ನೆನೆಯಬಹುದು. ಹೆಸರಿನ ಈ ಭೇದಕ್ಕೆ ರಸಾಯನಶಾಸ್ತ್ರದಲ್ಲಿಯೂ ಆಧಾರವುಂಟು.

ಕಾಯಿಸುವಾಗ ಜಿಂಜರಾಲಿಗೆ ಇನ್ನೊಂದು ಗತಿಯೂ ಉಂಟು. ಅಣುವು ನಡುವೆ ಮುರಿದು ಜಿಂಜರೋನ್ ಎಂಬ ವಸ್ತು ಹುಟ್ಟುತ್ತದೆ. ಜಪಾನಿನ ರಸಾಯನವಿಜ್ಞಾನಿ ನೊಮುರಾ ಇದನ್ನು 1917ರಲ್ಲಿ ಬೇರ್ಪಡಿಸಿ ಹೆಸರಿಟ್ಟರು. ಇದರ ಖಾರ ಬಹಳ ಸೌಮ್ಯ. ವಾಸನೆ ಸಿಹಿಯಾಗಿ, ಮಿಠಾಯಿಗೆ ಒಪ್ಪುವಂತಹುದು. ಬೇಯಿಸಿದ ಶುಂಠಿಗೆ ಬರುವ ದುಂಡಗಿನ ರುಚಿಗೆ ಇದೂ ಒಂದು ಕಾರಣ. ಆದುದರಿಂದ ಒಲೆಯ ಮೇಲೆ ಶುಂಠಿಯ ಪಾತ್ರೆಯನ್ನಿಟ್ಟವರು, ತಿಳಿದೋ ತಿಳಿಯದೆಯೋ, ಮೂರು ಖಾರಗಳ ಪ್ರಮಾಣವನ್ನು ಹೊಂದಿಸುತ್ತಿರುತ್ತಾರೆ.

ಖಾರವೆಂಬುದು ರುಚಿಯಲ್ಲ, ಉರಿಯ ಅನುಭವ ಎಂಬುದನ್ನೂ ಹೇಳಿಬಿಡಬೇಕು. ನಮ್ಮ ನರಗಳ ತುದಿಯಲ್ಲಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯನ್ನು ಗುರುತಿಸುವ ಒಂದು ಪ್ರೋಟೀನಿದೆ. ಮೆಣಸಿನಕಾಯಿಯ ಖಾರವು ಇದನ್ನೇ ತಟ್ಟಿ ಎಬ್ಬಿಸುತ್ತದೆ ಎಂಬುದನ್ನು ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು 1997ರಲ್ಲಿ ತೋರಿಸಿದರು. 2021ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ದೊರೆಯಿತು. ಶುಂಠಿಯ ಜಿಂಜರಾಲ್ ಕೂಡ ಇದೇ ಕದವನ್ನು ತಟ್ಟುತ್ತದೆ. ಮಂಜುಗಡ್ಡೆ ಹಾಕಿದ ಶುಂಠಿ ಪಾನಕವು ಗಂಟಲಲ್ಲಿ ಬೆಚ್ಚಗೆನಿಸುವುದು ಇದರಿಂದಲೇ.

ನೂರರಲ್ಲಿ ಅರುವತ್ತೈದು

ಈಗ ಪಾಕಕ್ಕೆ ಬರೋಣ. ಬರಿಯ ಶುಂಠಿಕಷಾಯವನ್ನು ಎರಡು ದಿನ ಹಾಗೆಯೇ ಬಿಟ್ಟರೆ ಹಳಸುತ್ತದೆ. ಅದಕ್ಕೆ ಸಾಕಷ್ಟು ಸಕ್ಕರೆ ಸೇರಿಸಿದರೆ ತಿಂಗಳುಗಟ್ಟಲೆ ಉಳಿಯುತ್ತದೆ. ಸಕ್ಕರೆಯು ಸೂಕ್ಷ್ಮಜೀವಿಗಳಿಗೆ ವಿಷವೇ? ಅಲ್ಲ, ಅದು ಅವುಗಳ ಆಹಾರ. ಸಕ್ಕರೆ ಮಾಡುವ ಕೆಲಸವೇ ಬೇರೆ. ಅದರ ಅಣುಗಳು ನೀರಿನ ಅಣುಗಳನ್ನು ತಮ್ಮ ಸುತ್ತ ಹಿಡಿದಿಟ್ಟುಕೊಳ್ಳುತ್ತವೆ. ಪಾಕದಲ್ಲಿ ನೀರು ಕಣ್ಣಿಗೆ ಕಾಣುವಷ್ಟಿದ್ದರೂ ಸೂಕ್ಷ್ಮಜೀವಿಗೆ ಕುಡಿಯಲು ಸಿಕ್ಕುವ ನೀರು ಕಡಮೆಯಾಗುತ್ತದೆ. ಅಷ್ಟೇ ಅಲ್ಲ, ಜೀವಿಯ ಒಳಗಿನ ನೀರೇ ಹೊರಕ್ಕೆ ಸೆಳೆಯಲ್ಪಡುತ್ತದೆ. ಉಪ್ಪು ಸವರಿದ ಮಾವಿನ ಹೋಳು ನೀರು ಬಿಡುವುದನ್ನು ಉಪ್ಪಿನಕಾಯಿ ಹಾಕುವವರೆಲ್ಲರೂ ಕಂಡಿದ್ದಾರೆ. ಪಾಕಕ್ಕೆ ಬಿದ್ದ ಬ್ಯಾಕ್ಟೀರಿಯದ ಪಾಡೂ ಅದೇ.

ಹೀಗೆ ದೊರೆಯುವ ನೀರನ್ನು ವಿಜ್ಞಾನಿಗಳು ಒಂದು ಸಂಖ್ಯೆಯಿಂದ ಸೂಚಿಸುತ್ತಾರೆ. ಶುದ್ಧ ನೀರಿಗೆ ಆ ಸಂಖ್ಯೆ 1. ಆಹಾರವನ್ನು ಕೆಡಿಸುವ ಬಹುತೇಕ ಬ್ಯಾಕ್ಟೀರಿಯಗಳು ಅದು 0.91ಕ್ಕಿಂತ ಕೆಳಗಿಳಿದಲ್ಲಿ ಬೆಳೆಯಲಾರವು. ಸಕ್ಕರೆ ಮತ್ತು ನೀರನ್ನು ಸಮತೂಕವಾಗಿ ಬೆರಸಿದ ಪಾಕದಲ್ಲಿ ಈ ಸಂಖ್ಯೆ ಸುಮಾರು 0.94. ಎಂದರೆ ‘ಒಂದು ಲೋಟ ಸಕ್ಕರೆಗೆ ಒಂದು ಲೋಟ ನೀರು’ ಎಂಬ ಸುಲಭ ಸೂತ್ರದಿಂದ ಮಾಡಿದ ಪಾಕವು ನಾಲಗೆಗೆ ಎಷ್ಟೇ ಸಿಹಿಯಾಗಿದ್ದರೂ ಬ್ಯಾಕ್ಟೀರಿಯಗಳಿಗೆ ವಾಸಯೋಗ್ಯವೇ. ಮೊದಲ ದೂರಿನವರು ಮಾಡಿದ್ದು ಬಹುಶಃ ಇಂತಹ ಪಾಕವನ್ನೇ. ನೂರು ಗ್ರಾಂ ಪಾಕದಲ್ಲಿ 65 ಗ್ರಾಂ ಸಕ್ಕರೆಯಿದ್ದರೆ ಈ ಸಂಖ್ಯೆ ಸುಮಾರು 0.87ಕ್ಕೆ ಇಳಿದು, ಆ ಜೀವಿಗಳಲ್ಲಿ ಹೆಚ್ಚಿನವುಗಳಿಗೆ ಬಾಗಿಲು ಮುಚ್ಚುತ್ತದೆ. ನಮ್ಮ ದೇಶದ 1955ರ ಹಣ್ಣಿನ ಉತ್ಪನ್ನಗಳ ಆದೇಶವು ಹಣ್ಣಿನ ಸಿರಪ್ಪಿಗೆ ಶೇಕಡ 65ಕ್ಕೆ ಕಡಮೆಯಿಲ್ಲದಂತೆ ಕರಗಿದ ಘನವಸ್ತು ಇರಬೇಕೆಂದು ವಿಧಿಸಿದುದರ ಮರ್ಮವೂ ಇದೇ.

ಹಾಗಾದರೆ 75 ಗ್ರಾಂ ಹಾಕಿದರೆ ಇನ್ನೂ ಭದ್ರವಲ್ಲವೆ ಎಂದು ವಾಚಕರು ಕೇಳಬಹುದು. ಇಲ್ಲಿಯೇ ಎರಡನೆಯ ದೂರಿಗೆ ಉತ್ತರವಿದೆ. ನೀರು ಸಕ್ಕರೆಯನ್ನು ಕರಗಿಸಿಕೊಳ್ಳುವ ಶಕ್ತಿಗೆ ಮಿತಿಯುಂಟು, ಮತ್ತು ಆ ಮಿತಿ ಉಷ್ಣತೆಯೊಡನೆ ಏರುತ್ತದೆ. 20 ಡಿಗ್ರಿಯಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಬಲ್ಲದು. 100 ಡಿಗ್ರಿಯಲ್ಲಿ 480 ಗ್ರಾಮಿಗೂ ಮಿಕ್ಕಿ ಕರಗಿಸಬಲ್ಲದು. ಒಲೆಯ ಮೇಲೆ ತಿಳಿಯಾಗಿ ಕಂಡ ಗಟ್ಟಿಪಾಕವು ತಣಿಯುತ್ತ ಬಂದಂತೆ ತಾಳಲಾರದ ಸಕ್ಕರೆಯನ್ನು ಹರಳಾಗಿ ಕೆಳಗಿಳಿಸುತ್ತದೆ. 20 ಡಿಗ್ರಿಯ ಮಿತಿಯನ್ನು ಶೇಕಡಕ್ಕೆ ತಿರುಗಿಸಿದರೆ ಸುಮಾರು 67 ಬರುತ್ತದೆ. ಆದುದರಿಂದ ನಮ್ಮ ದಾರಿ ಬಹಳ ಕಿರಿದು. 65ಕ್ಕಿಂತ ಬಹಳ ಕೆಳಗಿಳಿದರೆ ಹಳಸುವ ಭಯ, 67ನ್ನು ಮೀರಿದರೆ ಹರಳಿನ ಭಯ.

ಹರಳಿನೊಡನೆ ಕೆಡುಕು ಮುಗಿಯುವುದಿಲ್ಲ. ಸಕ್ಕರೆ ತಳಕ್ಕಿಳಿದಂತೆಲ್ಲ ಮೇಲಿನ ಪಾಕವು ತೆಳ್ಳಗಾಗುತ್ತ ಬರುತ್ತದೆ. ಗಟ್ಟಿಯಾಗಿ ಕಾಸಿದ್ದೇ ಕೆಡದಿರಲಿ ಎಂದು. ಹರಳು ಅದನ್ನೇ ಹಿಂದಕ್ಕೆ ತೆಗೆದುಕೊಳ್ಳುತ್ತದೆ.

ಅಡಿಗೆಯಲ್ಲಿ ನುರಿತವರು ಪಾಕದ ಹದವನ್ನು ಎಳೆಯಿಂದ ನೋಡುತ್ತಾರೆ. ಬೆರಳುಗಳ ನಡುವೆ ಎಳೆ ನಿಂತಿತೆಂದರೆ ಪಾಕ ಬಂತೆಂದು ಲೆಕ್ಕ. ಉಂಡೆಗೂ ಬರ್ಫಿಗೂ ಅದು ತಕ್ಕ ಹದವೇ ಸರಿ. ಸೀಸೆಗೆ ಅದು ಸಲ್ಲದು. ಎಳೆ ನಿಲ್ಲುವಷ್ಟರಲ್ಲಿ ಪಾಕವು ನಮ್ಮ ಮಿತಿಯನ್ನು ದಾಟಿ ಹೋಗಿರುತ್ತದೆ. ಅಡಿಗೆಮನೆಯ ಅನುಭವಕ್ಕೆ ನಾವು ತಲೆಬಾಗುವವರೇ ಆದರೂ, ಈ ಒಂದು ಕೆಲಸದಲ್ಲಿ ಬೆರಳಿಗಿಂತ ತಕ್ಕಡಿಯನ್ನು ನಂಬುವುದು ಲೇಸು.

ನಿಂಬೆರಸವು ಹರಳಿಗೆ ಎದುರಾಗಿ ನಮಗೆ ನೆರವಾಗುತ್ತದೆ. ಆಮ್ಲದೊಡನೆ ಕಾಯಿಸಿದಾಗ ಸಕ್ಕರೆಯ ಅಣುಗಳಲ್ಲಿ ಕೆಲವು ಸೀಳಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸಣ್ಣ ಸಕ್ಕರೆಗಳಾಗುತ್ತವೆ. ಹರಳು ಬೆಳೆಯಬೇಕಾದರೆ ಒಂದೇ ಆಕಾರದ ಅಣುಗಳು ಇಟ್ಟಿಗೆಯಂತೆ ಸಾಲಾಗಿ ಕೂಡಬೇಕಷ್ಟೆ; ನಡುವೆ ಬೇರೆ ಆಕಾರದವು ನುಗ್ಗಿದರೆ ಗೋಡೆ ಏಳುವುದಿಲ್ಲ. ನಿಂಬೆಯಿಂದ ಇನ್ನೂ ಮುಖ್ಯವಾದ ಒಂದು ಲಾಭವುಂಟು. ಶುಂಠಿಯು ಮಣ್ಣಿನೊಳಗೆ ಬೆಳೆದುದು. ಮಣ್ಣಿನಲ್ಲಿ ಕುದಿಯುವ ನೀರಿಗೂ ಸಾಯದ ಬೀಜಾಣುಗಳಿರುತ್ತವೆ. ಅವುಗಳಲ್ಲಿ ಅತ್ಯಂತ ಭಯಂಕರವಾದ ಬಾಟ್ಯುಲಿನಮ್ ಜಾತಿಯು ಪಿಎಚ್ ಅಳತೆಯಲ್ಲಿ 4.6ಕ್ಕಿಂತ ಕೆಳಗಿನ ಹುಳಿಯಲ್ಲಿ ಬೆಳೆಯಲಾರದು. ಸಕ್ಕರೆ ಒಂದು ಬೇಲಿಯಾದರೆ ಹುಳಿ ಎರಡನೆಯ ಬೇಲಿ.

ಮೂರನೆಯ ಬೇಲಿಯೂ ಬೇಕು. ಕೆಲವು ಬೂಷ್ಟುಗಳು 0.80ರ ಮಟ್ಟದಲ್ಲಿಯೂ ಬೆಳೆಯಬಲ್ಲವು. ಸಕ್ಕರೆಯನ್ನು ಪ್ರೀತಿಸುವ ಕೆಲವು ಯೀಸ್ಟುಗಳಂತೂ ಅದಕ್ಕಿಂತ ಬಹಳ ಕೆಳಗೂ ಜೀವಿಸಿ ಜೇನುತುಪ್ಪವನ್ನೇ ಹುದುಗಿಸಬಲ್ಲವು. ಇವನ್ನು ತಡೆಯುವ ಉಪಾಯ ಬಿಸಿ ಮತ್ತು ಶುಚಿತ್ವ. ಯೀಸ್ಟಾಗಲಿ ಬೂಷ್ಟಾಗಲಿ ಕುದಿಯುವ ಪಾಕದಲ್ಲಿ ಬಹುಮಟ್ಟಿಗೆ ಸಾಯುತ್ತವೆ. ಅನಂತರ ತೊಳೆಯದ ಸೀಸೆಯಿಂದ, ಒದ್ದೆ ಚಮಚದಿಂದ, ಗಾಳಿಯಿಂದ ಮತ್ತೆ ಬರುತ್ತವೆ.

ಬಿರಡೆ ಸಿಡಿದ ಮೂರನೆಯ ದೂರಿಗೆ ಈ ಯೀಸ್ಟೇ ಹೊಣೆ. ಅದು ಸಕ್ಕರೆಯನ್ನು ತಿಂದು ಆಲ್ಕೊಹಾಲನ್ನೂ ಇಂಗಾಲದ ಡೈ ಆಕ್ಸೈಡ್ ಅನಿಲವನ್ನೂ ಬಿಡುತ್ತದೆ. ಇಂಗ್ಲೆಂಡಿನಲ್ಲಿ ಹದಿನೆಂಟನೆಯ ಶತಮಾನದಿಂದ ಮನೆಮನೆಯಲ್ಲಿ ಮಾಡುತ್ತಿದ್ದ ಜಿಂಜರ್ ಬಿಯರ್ ಎಂಬ ಪಾನೀಯವು ಬೇಕೆಂದೇ ಹೀಗೆ ಹುದುಗಿಸಿದ ಶುಂಠಿಯ ಸಿಹಿನೀರು. ಅದಕ್ಕೆ ಹೆಪ್ಪಾಗಿ ಬಳಸುತ್ತಿದ್ದ, ಮುದ್ದೆಮುದ್ದೆಯಾದ ಒಂದು ವಸ್ತುವನ್ನು ಮಾರ್ಷಲ್ ವಾರ್ಡ್ ಎಂಬ ಸಸ್ಯವಿಜ್ಞಾನಿ ಪರೀಕ್ಷಿಸಿ, ಅದು ಒಂದು ಯೀಸ್ಟ್ ಮತ್ತು ಒಂದು ಬ್ಯಾಕ್ಟೀರಿಯಗಳ ಕೂಡುಬಾಳ್ವೆಯೆಂದು 1892ರಲ್ಲಿ ಪ್ರಕಟಿಸಿದರು. ಆ ಪಾನೀಯದ ಅನಿಲದೊತ್ತಡವನ್ನು ತಾಳಲು ದಪ್ಪನೆಯ ಜಾಡಿಮಣ್ಣಿನ ಸೀಸೆಗಳು ಬೇಕಾಗುತ್ತಿದ್ದುವು. ನಮ್ಮ ಮನೆಯ ತೆಳುವಾದ ಗಾಜಿನ ಸೀಸೆಗೆ ಆ ಶಕ್ತಿಯಿಲ್ಲ. ಮುಚ್ಚಿಟ್ಟ ಪಾಕದಲ್ಲಿ ಗುಳ್ಳೆಗಳು ಏಳುವುದನ್ನು ಕಂಡರೆ ಸೀಸೆಯ ಮೇಲೆ ದಪ್ಪ ಬಟ್ಟೆಯನ್ನು ಹೊದಿಸಿ, ಮುಖವನ್ನು ದೂರವಿಟ್ಟು, ನಿಧಾನವಾಗಿ ಬಿರಡೆಯನ್ನು ಸಡಿಲಿಸಿ ಚೆಲ್ಲಿಬಿಡಬೇಕು. ಬೂಷ್ಟು ಹಿಡಿದ ಪಾಕವನ್ನೂ ಮೇಲಿನ ಕೆನೆ ತೆಗೆದು ಮತ್ತೆ ಕಾಸಿ ಬಳಸುವುದು ಸರಿಯಲ್ಲ. ಕೆಲವು ಬೂಷ್ಟುಗಳ ವಿಷವು ಕುದಿಸಿದರೂ ಹೋಗುವುದಿಲ್ಲ.

ಜಾಡಿಮಣ್ಣಿನ ಸೀಸೆಗೆ ಒಂದು ದೋಷವುಂಟು: ಒಳಗೇನಿದೆಯೆಂಬುದು ಕಾಣುವುದಿಲ್ಲ. 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರಿನಲ್ಲಿ ಒಬ್ಬ ಮಹಿಳೆಗೆ ತಂದ ಜಿಂಜರ್ ಬಿಯರಿನ ಸೀಸೆಯೂ ಒಳಗು ಕಾಣದಂತಹುದೇ. ಅದರಿಂದ ಕೊಳೆತ ಬಸವನಹುಳು ಬಿದ್ದಿತೆಂದು ಹೂಡಿದ ಮೊಕದ್ದಮೆಯು 1932ರ ತೀರ್ಪಿನಿಂದ ನ್ಯಾಯಶಾಸ್ತ್ರದಲ್ಲಿ ಪ್ರಸಿದ್ಧವಾಯಿತು. ನಮ್ಮ ವಕೀಲ ಮಿತ್ರರು ಇಂದಿಗೂ ಅದನ್ನು ಓದಿಯೇ ಪರೀಕ್ಷೆ ದಾಟುವರು. ಪಾಕಕ್ಕೆ ಒಳಗು ಕಾಣುವ ಗಾಜಿನ ಸೀಸೆಯೇ ಉತ್ತಮ.

ಮಾಡುವ ಕ್ರಮ

ಗಿಡ ನೆಟ್ಟ ಐದಾರು ತಿಂಗಳಿಗೆ ಕಿತ್ತ ಎಳೆಯ ಶುಂಠಿಯಲ್ಲಿ ನಾರು ಕಡಮೆ. ಪೂರ್ತಿ ಬಲಿತುದರಲ್ಲಿ ನಾರು ಹೆಚ್ಚು, ಖಾರವೂ ಹೆಚ್ಚು. ಪಾಕವನ್ನು ಹೇಗೂ ಸೋಸುವುದರಿಂದ ನಾರಿನ ಭಯವಿಲ್ಲ. ಬಲಿತ, ಆದರೆ ಸುಕ್ಕದ ಗಡ್ಡೆಯನ್ನು ಆರಿಸಬಹುದು. ಬೂಷ್ಟಿನ ಕಲೆಯಿರುವ ತುಂಡುಗಳನ್ನು ನಿರ್ದಾಕ್ಷಿಣ್ಯವಾಗಿ ಬಿಡಬೇಕು.

250 ಗ್ರಾಂ ಶುಂಠಿಯನ್ನು ಬೆರಳುಗಳ ಸಂದುಗಳಲ್ಲಿ ಮಣ್ಣುಳಿಯದಂತೆ ಮುರಿದು ತೊಳೆದು, ತೆಳುವಾಗಿ ಕೆರೆದು, ಬಿಲ್ಲೆಗಳಾಗಿ ಹೆಚ್ಚಬೇಕು. ಒಂದು ತುಂಡನ್ನು ಕೊನೆಯ ಪರಿಮಳಕ್ಕೆಂದು ಬೇರೆಯಾಗಿ ಎತ್ತಿಡಬೇಕು. ರುಬ್ಬುವುದು ಬೇಡವೆಂಬುದು ನಮ್ಮ ಅಭಿಪ್ರಾಯ. ರುಬ್ಬಿದಾಗ ಕೋಶಗಳು ಒಡೆದು ಪಿಷ್ಟವೆಲ್ಲ ನೀರಿಗೆ ಬರುತ್ತದೆ. ಅದನ್ನು ಕಾಯಿಸಿದರೆ ಗಂಜಿಯಂತೆ ಕದಡಿ, ಎಷ್ಟು ಸೋಸಿದರೂ ತಿಳಿಯಾಗುವುದಿಲ್ಲ. ರುಬ್ಬಲೇಬೇಕೆನ್ನುವವರು ತಣ್ಣೀರಿನಲ್ಲಿ ಕಲಸಿ ಹಿಂಡಿ, ಅರ್ಧ ಗಂಟೆ ಅಲುಗಿಸದೆ ಇಟ್ಟು, ತಳದಲ್ಲಿ ನಿಂತ ಬಿಳಿಯ ಗಸಿಯನ್ನು ಬಿಟ್ಟು ಮೇಲಿನ ತಿಳಿಯನ್ನು ಮಾತ್ರ ಒಲೆಗೇರಿಸಲಿ.

ಬಿಲ್ಲೆಗಳಿಗೆ ಅರ್ಧ ಲೀಟರ್ ನೀರು ಹಾಕಿ, ಪಾತ್ರೆಯ ಬಾಯಿ ಮುಚ್ಚಿ, ಸಣ್ಣ ಉರಿಯಲ್ಲಿ ಸುಮಾರು ಮೂವತ್ತು ನಿಮಿಷ ಕಾಯಿಸಬೇಕು. ಮುಚ್ಚಳವಿಲ್ಲದೆ ಕುದಿಸುವಾಗ ಮನೆಯೆಲ್ಲ ಘಮಘಮಿಸುತ್ತದೆ, ನಿಜ. ಆದರೆ ಮನೆಯನ್ನು ತುಂಬಿದ ಪರಿಮಳವು ಪಾಕಕ್ಕೆ ಆದ ನಷ್ಟವೇ. ಜಿಂಜರಾಲ್ ನೀರಿನಲ್ಲಿ ಸುಲಭವಾಗಿ ಕರಗದಿರುವುದರಿಂದ ಸಾವಕಾಶ ಅಗತ್ಯ. ಬಳಿಕ ಸೋಸಿ 320 ಮಿಲಿಲೀಟರ್ ಕಷಾಯವನ್ನು ಅಳೆದುಕೊಳ್ಳಬೇಕು. ಹೆಚ್ಚಾದುದನ್ನು ಅಂದಿನ ಚಹಾಕ್ಕೆ ಬಳಸಬಹುದು. ಇದಕ್ಕೆ 30 ಮಿಲಿಲೀಟರ್ ನಿಂಬೆರಸವನ್ನೂ 650 ಗ್ರಾಂ ಸಕ್ಕರೆಯನ್ನೂ ಸೇರಿಸಿದರೆ ಒಟ್ಟು ತೂಕ ಸುಮಾರು ಒಂದು ಕಿಲೋಗ್ರಾಂ, ಅದರಲ್ಲಿ ಸಕ್ಕರೆ ಶೇಕಡ 65. ಹೀಗೆ ಮೊದಲೇ ತೂಗಿದರೆ ಪಾಕವನ್ನು ಬತ್ತಿಸಿ ಹದ ಕಾಯುವ ಗೋಜಿಲ್ಲ. ಸಕ್ಕರೆ ಕರಗಿದ ಮೇಲೆ, ಮುಚ್ಚಳ ಓರೆ ಮಾಡಿ, ಐದು ನಿಮಿಷ ಕುದಿಸಿ ನೊರೆಯನ್ನು ತೆಗೆಯಬೇಕು. ಅಷ್ಟರಲ್ಲಿ ಹಾರುವ ಸ್ವಲ್ಪ ನೀರಿನಿಂದ ಪಾಕವು 66ರ ಸುಮಾರಿಗೆ ಏರಿದರೆ ದೋಷವೇನೂ ಇಲ್ಲ. ಉರಿ ಆರಿಸಿ, ಎತ್ತಿಟ್ಟ ಹಸಿತುಂಡನ್ನು ಜಜ್ಜಿ ಶುದ್ಧವಾದ ತೆಳುಬಟ್ಟೆಯಲ್ಲಿ ಕಟ್ಟಿ, ಹತ್ತು ನಿಮಿಷ ಪಾಕದಲ್ಲಿ ಮುಳುಗಿಸಿ ತೆಗೆದರೆ ಹಾರಿಹೋದ ನಿಂಬೆಯ ಛಾಯೆ ಮರಳಿ ಬರುತ್ತದೆ. ಸೀಸೆಗೆ ಹಾಕುವ ಮೊದಲು ಮತ್ತೊಮ್ಮೆ ಕುದಿ ಬರಿಸುವುದನ್ನು ಮರೆಯಬಾರದು.

ತೂಕ ತಪ್ಪಿದೆಯೆಂದು ಸಂಶಯವಾದರೆ ಪರೀಕ್ಷಿಸಲು ಎರಡು ದಾರಿಗಳಿವೆ. ತಣಿದ ಪಾಕವನ್ನು ಸರಿಯಾಗಿ 100 ಮಿಲಿಲೀಟರ್ ಅಳೆದು ತೂಗಿದರೆ ಸುಮಾರು 131 ಗ್ರಾಂ ಇರಬೇಕು. ಉಷ್ಣತಾಮಾಪಕವುಳ್ಳವರು ಕುದಿಯುವ ಪಾಕದಲ್ಲಿ ಅದನ್ನಿಳಿಸಿ ನೋಡಬಹುದು. ಪಾಕದ ಕುದಿಬಿಂದುವು ಬರಿಯ ನೀರಿನದಕ್ಕಿಂತ ಸುಮಾರು 4 ಡಿಗ್ರಿ ಹೆಚ್ಚಾಗಿರಬೇಕು. ಪುಸ್ತಕಗಳಲ್ಲಿ ಬರೆದಿರುವ 104 ಡಿಗ್ರಿಯನ್ನು ಕಣ್ಣುಮುಚ್ಚಿ ಅನುಸರಿಸಬಾರದು. ಅದು ಸಮುದ್ರಮಟ್ಟದ ಊರುಗಳ ಲೆಕ್ಕ. ಮಂಗಳೂರಿಗೆ ಅದು ಸರಿಹೋದೀತು. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯಲ್ಲಿಯೇ ಕುದಿಯುವುದರಿಂದ ಅಲ್ಲಿ 101 ಸಾಕು. ಅಲ್ಲಿ 104ರ ವರೆಗೆ ಕಾಸಿದವರಿಗೆ ಹರಳು ತಪ್ಪಿದ್ದಲ್ಲ.

ಸೀಸೆಯನ್ನು ತಣ್ಣೀರಿನ ಪಾತ್ರೆಯಲ್ಲಿ ತಳಕ್ಕೆ ಬಟ್ಟೆ ಹಾಸಿ ಇಟ್ಟು, ನೀರನ್ನು ಹತ್ತು ನಿಮಿಷ ಕುದಿಸಿ, ಬಿಸಿಯಾಗಿರುವಾಗಲೇ ಹೊರತೆಗೆದು ಬಿಸಿಪಾಕವನ್ನು ಕಂಠದ ವರೆಗೆ ತುಂಬಬೇಕು. ಒಂದು ಕಿಲೋಗ್ರಾಂ ಪಾಕವು 760 ಮಿಲಿಲೀಟರಿನಷ್ಟಾಗುವುದರಿಂದ 750ರ ಒಂದು ಸೀಸೆಗೆ ಅದು ಸರಿಯಾಗಿ ಹೊಂದುತ್ತದೆ. ಮುಚ್ಚಿದ ಕೂಡಲೆ ಸೀಸೆಯನ್ನು ಎರಡು ನಿಮಿಷ ತಲೆಕೆಳಗಾಗಿ ಹಿಡಿಯಬೇಕು. ಬಿಸಿಪಾಕವು ಮುಚ್ಚಳದ ಒಳಮೈಯನ್ನು ಶುದ್ಧಮಾಡುವುದು ಇದರ ಒಂದು ಪ್ರಯೋಜನ. ಮತ್ತೊಂದನ್ನು ಹೆಚ್ಚು ಜನ ಅರಿಯರು. ಅರ್ಧ ತುಂಬಿದ ಸೀಸೆಯಲ್ಲಿ ಪಾಕದಿಂದೆದ್ದ ಆವಿಯು ಮುಚ್ಚಳದ ಕೆಳಗೆ ಹನಿಯಾಗಿ, ಹಿಂದಕ್ಕೆ ತೊಟ್ಟಿಕ್ಕಿ, ಪಾಕದ ಮೇಲೆ ನೀರಿನಂತಹ ತೆಳುಪದರವಾಗಿ ನಿಲ್ಲುತ್ತದೆ. ಸೀಸೆಯ ಪಾಕವೆಲ್ಲ ಶೇಕಡ 65ರಲ್ಲಿದ್ದರೂ ಆ ಪದರ ಹಾಗಿರುವುದಿಲ್ಲ. ಬೂಷ್ಟು ಮೊದಲು ಬೇರೂರುವುದು ಅಲ್ಲಿಯೇ. ಕಂಠದ ವರೆಗೆ ತುಂಬುವುದೂ, ತಣಿದ ಮೇಲೆ ಒಮ್ಮೆ ಕುಲುಕುವುದೂ ಇದಕ್ಕೆ ಪರಿಹಾರ. ಬಿಚ್ಚಿದ ಸೀಸೆ ಶೀತಪೆಟ್ಟಿಗೆಯಲ್ಲಿರಲಿ. ಮುಚ್ಚಿದುದನ್ನೂ ತಂಪಾದ ಕತ್ತಲೆಯಲ್ಲಿಟ್ಟು ಮೂರು ತಿಂಗಳೊಳಗೆ ಮುಗಿಸುವುದು ಉತ್ತಮ; ಕಾಲ ಕಳೆದಂತೆ ಖಾರದ ಸ್ವಭಾವವೂ ಬದಲಾಗುತ್ತದೆ. ಮಾರಾಟಕ್ಕೆ ಮಾಡುವವರು 2006ರ ಆಹಾರ ಸುರಕ್ಷತಾ ಕಾಯಿದೆಯ ಪ್ರಕಾರ ನೋಂದಣಿ ಮಾಡಿಸಿಕೊಳ್ಳಬೇಕು.

ಬೆಲ್ಲದಿಂದಲೂ ಪಾಕ ಮಾಡಬಹುದು, ಅದರ ರುಚಿಯೂ ಗಂಭೀರವಾದುದು. ಆದರೆ ಬೆಲ್ಲದಲ್ಲಿ ನೀರು ಎಷ್ಟಿದೆಯೆಂಬುದು ಅಚ್ಚಿನಿಂದ ಅಚ್ಚಿಗೆ ವ್ಯತ್ಯಾಸವಾಗುವುದರಿಂದ ತೂಕದ ಲೆಕ್ಕ ನಿಲ್ಲುವುದಿಲ್ಲ. ಬೆಲ್ಲದ ಪಾಕವನ್ನು ಸ್ವಲ್ಪವೇ ಮಾಡಿ, ಶೀತಪೆಟ್ಟಿಗೆಯಲ್ಲಿಟ್ಟು, ವಾರದೊಳಗೆ ಬಳಸುವುದು ಕ್ಷೇಮ.

ಬಳಸುವ ಬಗೆ

ಒಂದು ಪಾಲು ಪಾಕಕ್ಕೆ ಆರು ಪಾಲು ತಣ್ಣೀರು ಅಥವಾ ಸೋಡ ಬೆರಸಿದರೆ ಪಾನಕ ಸಿದ್ಧ. ಬಾಳೆಹಣ್ಣಿನ ರಸಾಯನಕ್ಕೆ ಎರಡು ಚಮಚ ಬೆರಸಬಹುದು. ಐಸ್‌ಕ್ರೀಮಿನ ಮೇಲೆ, ಹಣ್ಣಿನ ಹೋಳುಗಳ ಮೇಲೆ ಹನಿಸಬಹುದು. ಹಾಲಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಹಸಿಶುಂಠಿಯಲ್ಲಿ ಪ್ರೋಟೀನನ್ನು ಕತ್ತರಿಸುವ ಜಿಂಜಿಬೇನ್ ಎಂಬ ಕಿಣ್ವವಿದೆ. ಬಿಸಿಹಾಲಿಗೆ ಹಸಿಶುಂಠಿಯ ರಸ ಬಿದ್ದರೆ ಅದು ಹಾಲನ್ನು ಹೆಪ್ಪುಗಟ್ಟಿಸುತ್ತದೆ. ಚೀನದ ಗುವಾಂಗ್‌ಡಾಂಗ್ ಪ್ರಾಂತ್ಯದವರು ಇದೇ ಗುಣವನ್ನು ಬಳಸಿಕೊಂಡು, ಶುಂಠಿಯ ರಸದ ಮೇಲೆ ಬಿಸಿಹಾಲನ್ನು ಸುರಿದು, ಮೊಸರಿನಂತೆ ಮೃದುವಾಗಿ ನಿಲ್ಲುವ ಒಂದು ಸಿಹಿಯನ್ನು ಮಾಡುತ್ತಾರೆ. ನಮ್ಮಲ್ಲಿ ಅದೇ ಕ್ರಿಯೆ ಚಹಾದ ಪಾತ್ರೆಯಲ್ಲಿ ನಡೆದಾಗ ಹಾಲು ಒಡೆಯಿತೆಂದು ಹಾಲಿನವನನ್ನು ಬೈಯುತ್ತೇವೆ! ಶುಂಠಿಯನ್ನು ಮೊದಲು ನೀರಿನಲ್ಲಿ ಚೆನ್ನಾಗಿ ಕುದಿಸಿದರೆ ಕಿಣ್ವವು ನಾಶವಾಗಿ ಈ ತೊಂದರೆಯಿರುವುದಿಲ್ಲ. ಜೆಲಟಿನ್ ಹಾಕಿ ಗಟ್ಟಿಯಾಗಿಸುವ ಸಿಹಿತಿಂಡಿಗಳು ಹಸಿಶುಂಠಿ ಬಿದ್ದರೆ ನೀರಾಗಿಯೇ ಉಳಿಯುವುದಕ್ಕೂ ಕಾರಣ ಇದೇ. ಅಲ್ಲಿಯೂ ಕಾಸಿದ ಪಾಕದಿಂದ ಅಪಾಯವಿಲ್ಲ. ಆದರೆ ನಮ್ಮ ಪಾಕದಲ್ಲಿ ನಿಂಬೆಯ ಹುಳಿಯಿರುವುದನ್ನು ಮರೆಯಬಾರದು. ಅದು ಬಿಸಿಹಾಲನ್ನು ತನ್ನದೇ ರೀತಿಯಲ್ಲಿ ಒಡೆಯುತ್ತದೆ. ಚಹಾಕ್ಕೂ ಹಾಲಿಗೂ ಬೇಕೆನ್ನುವವರು ನಿಂಬೆಯಿಲ್ಲದ ಪಾಕವನ್ನು ಸ್ವಲ್ಪವೇ ಮಾಡಿ, ಶೀತಪೆಟ್ಟಿಗೆಯಲ್ಲಿಟ್ಟು, ಒಂದು ವಾರದಲ್ಲಿ ಮುಗಿಸಬೇಕು.

ಸಕ್ಕರೆಯ ಲೆಕ್ಕವನ್ನು ಮುಚ್ಚಿಟ್ಟು ಪಾಕವನ್ನು ಹೊಗಳುವುದು ನ್ಯಾಯವಲ್ಲ. 30 ಮಿಲಿಲೀಟರ್ ಪಾಕದಲ್ಲಿ ಸುಮಾರು 25 ಗ್ರಾಂ ಸಕ್ಕರೆಯಿದೆ. ಹೊರಗಿನಿಂದ ಸೇರಿಸಿದ ಸಕ್ಕರೆಯು ದಿನದ ಆಹಾರಶಕ್ತಿಯಲ್ಲಿ ನೂರಕ್ಕೆ ಹತ್ತನ್ನು ಮೀರಬಾರದು, ಐದರೊಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸೂಚಿಸಿತು. ಐದು ಎಂದರೆ ಸಾಧಾರಣ ವಯಸ್ಕರಿಗೆ ಸುಮಾರು 25 ಗ್ರಾಂ. ಒಂದು ಲೋಟ ಪಾನಕದಲ್ಲಿಯೇ ದಿನದ ಪಾಲು ತೀರಿಹೋಗುತ್ತದೆ. ಶುಂಠಿ ಔಷಧವೆಂದು ಹೇಳಿಕೊಂಡು ದಿನಕ್ಕೆ ಮೂರು ಲೋಟ ಕುಡಿಯುವವರೂ, ಸಿಹಿಮೂತ್ರ ರೋಗವುಳ್ಳವರೂ ಇದನ್ನು ಗಮನಿಸಬೇಕು. ಅಂಥವರಿಗೆ ಸಕ್ಕರೆಯಿಲ್ಲದ ಕಷಾಯವೇ ಲೇಸು. ಅದನ್ನು ಅಂದಂದಿಗೆ ಮಾಡಿಕೊಳ್ಳಬೇಕಷ್ಟೆ.

ಸೋಸಿ ಉಳಿದ ಬಿಲ್ಲೆಗಳಲ್ಲಿ ಇನ್ನೂ ಸಾಕಷ್ಟು ಖಾರವಿರುತ್ತದೆ. ಅವನ್ನು ತೂಕಕ್ಕೆ ಸಮನಾದ ಸಕ್ಕರೆ ಮತ್ತು ಸ್ವಲ್ಪ ನೀರಿನೊಡನೆ ಪಾಕ ಇಂಗುವ ವರೆಗೆ ಕಾಯಿಸಿ, ತಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಿ, ಎರಡು ದಿನ ಆರಿಸಿ ಸಕ್ಕರೆಪುಡಿಯಲ್ಲಿ ಹೊರಳಿಸಿದರೆ ಶುಂಠಿಯ ಮಿಠಾಯಿಯಾಗುತ್ತದೆ. ಇಲ್ಲಿ ಎಳೆಪಾಕದ ಹದವೇ ಸರಿ, ಹರಳುಗಟ್ಟಿದರೂ ಚಿಂತೆಯಿಲ್ಲ.